ಕೆಟ್ಟುಹೋದ ಕನ್ನದ ಕಥೆಯನ್ನು ಬರೆಯುವುದು ಹೇಗೆ

ಮನೆಗೆ ನುಗ್ಗಿದ ಕಳ್ಳನೇ ಪೇಚಿಗೆ ಸಿಕ್ಕಿಕೊಳ್ಳುವ ಕಥೆಯನ್ನು ಬರೆಯಲು ಕುಳಿತವರು ಮೊದಲು ಆ ಮನೆಯ ನಕ್ಷೆಯನ್ನು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಹಿತ್ತಿಲ ಬಾಗಿಲಿಗೆ ಇರುವುದು ಅಗುಳಿಯೋ ಚಿಲಕವೋ, ಬಚ್ಚಲಿನಿಂದ ನಡುಮನೆಗೆ ಬರುವವರು ಯಾರ ಹಾಸಿಗೆಯನ್ನು ದಾಟಬೇಕು, ದೇವರ ಮನೆಯ ದೀಪ ಎಷ್ಟು ಹೊತ್ತಿನವರೆಗೆ ಉರಿಯುತ್ತದೆ ಎಂಬುದು ನಿಮಗೇ ತಿಳಿದಿರದಿದ್ದರೆ, ಕಥೆಯ ನಡುವೆ ಬಾಗಿಲುಗಳು ನಿಮ್ಮ ಅನುಕೂಲಕ್ಕೆ ತಕ್ಕಂತೆ ತೆರೆದು ಮುಚ್ಚತೊಡಗುತ್ತವೆ.

ನಕ್ಷೆಯ ನಂತರ ಮನೆಯವರ ದಿನಚರಿಯನ್ನು ಬರೆದುಕೊಳ್ಳಿ. ಕಳ್ಳನ ಲೆಕ್ಕಾಚಾರ ತಪ್ಪುವುದು ಈ ದಿನಚರಿಯಿಂದಲೇ ಆಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದೇ ಹೊತ್ತಿಗೆ ಪೊಲೀಸರ ಜೀಪು ಬೀದಿಗೆ ಬಂದಿತು ಎಂದು ಬರೆದರೆ ಅದು ಕಳ್ಳನ ದುರದೃಷ್ಟವಾಯಿತೇ ಹೊರತು ಕಥೆಯಾಗಲಿಲ್ಲ. ಮನೆಯವರೆಲ್ಲ ಮದುವೆಗೆ ಹೋಗಿದ್ದಾರೆಂದು ತಿಳಿದು ಬಂದವನು, ಮಂಡಿನೋವಿನಿಂದ ಕೊನೆಯ ಗಳಿಗೆಯಲ್ಲಿ ಪ್ರಯಾಣ ಬಿಟ್ಟ ಅಜ್ಜಿಯೊಬ್ಬರು ಸೆಖೆಗೆಂದು ಮಂಚ ಬಿಟ್ಟು ನಡುಮನೆಯ ನೆಲದಲ್ಲಿ ಚಾಪೆ ಹಾಸಿ ಮಲಗಿರುವುದನ್ನು ಅರಿಯದೆ ಕತ್ತಲಲ್ಲಿ ಹೆಜ್ಜೆ ಇಡುತ್ತಾನೆ ಎಂದಾದರೆ, ಆ ಚಾಪೆಯೊಂದೇ ಸಾಕು.

ಆ ಚಾಪೆಯ ವಿಷಯವನ್ನು ಓದುಗರಿಗೆ ಮೊದಲೇ ಹೇಳಿಬಿಡಿ. ಬಚ್ಚಿಟ್ಟು ಕೊನೆಗೆ ತೋರಿಸಿದರೆ ಸಿಗುವುದು ಒಂದು ಕ್ಷಣದ ಬೆಚ್ಚು. ಮೊದಲೇ ತಿಳಿಸಿದರೆ ಹಿತ್ತಿಲ ಬಾಗಿಲಿನಿಂದ ನಡುಮನೆಯವರೆಗಿನ ಹತ್ತು ಹೆಜ್ಜೆಗಳೂ ಆತಂಕದಿಂದ ತುಂಬುತ್ತವೆ. ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ ಮೂರನೆಯ ಅಂಕವನ್ನು ಇದಕ್ಕಾಗಿಯೇ ಓದಬೇಕು. ಚಾರುದತ್ತನ ಮನೆಗೆ ಕನ್ನ ಹಾಕಲು ಬಂದ ಶರ್ವಿಲಕನು ಅಳತೆಯ ದಾರವನ್ನು ಮರೆತು ಬಂದಿರುವುದರಿಂದ ತನ್ನ ಜನಿವಾರದಿಂದಲೇ ಗೋಡೆಯನ್ನು ಅಳೆಯುತ್ತಾನೆ. ಒಳಗೆ ನಿದ್ದೆಯಲ್ಲಿ ಕನವರಿಸುತ್ತಿರುವ, ಚಾರುದತ್ತನ ಗೆಳೆಯ ಮೈತ್ರೇಯನು ಒಡವೆಗಳನ್ನು ತಾನಾಗಿ ಅವನ ಕೈಗೆ ಕೊಡುತ್ತಾನೆ. ಎಲ್ಲವೂ ಸಲೀಸಾಗಿ ಮುಗಿದಂತೆ ಕಾಣುತ್ತದೆ. ಆದರೆ ಅವನು ಕದ್ದದ್ದು ತನ್ನ ಪ್ರಿಯೆ ಮದನಿಕೆಯನ್ನು ದಾಸ್ಯದಿಂದ ಬಿಡಿಸುವುದಕ್ಕಾಗಿ, ಆ ಒಡವೆಗಳೋ ಮದನಿಕೆಯ ಒಡತಿ ವಸಂತಸೇನೆಯು ಚಾರುದತ್ತನ ವಶದಲ್ಲಿ ಇರಿಸಿದ್ದವು. ಇದು ಪ್ರೇಕ್ಷಕರಿಗೆ ಗೊತ್ತು, ಶರ್ವಿಲಕನಿಗೆ ಗೊತ್ತಿಲ್ಲ. ಇಷ್ಟು ಹಳೆಯ ನಾಟಕದಲ್ಲಿ ಇಷ್ಟು ಅಚ್ಚುಕಟ್ಟಾದ ಹೆಣಿಗೆಯನ್ನು ಕಂಡಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಕಾನೂನಿನ ವಿವರ ಬಂದರೆ ಅದು ಸರಿಯಾಗಿರಲಿ. 2024ರ ಜುಲೈ 1ರ ನಂತರ ನಡೆಯುವ ಕಥೆಯಲ್ಲಿ ಪೊಲೀಸರು ಬರೆದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 331ನೆಯ ಕಲಮನ್ನು. ಅದಕ್ಕೂ ಹಿಂದಿನ ರಾತ್ರಿಗನ್ನದ ಕಥೆಗೆ ಹಳೆಯ ಭಾರತೀಯ ದಂಡ ಸಂಹಿತೆಯ 457ನೆಯ ಕಲಮು ಹೊಂದುತ್ತದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಕನ್ನಕ್ಕೆ ಎರಡರಲ್ಲೂ ಶಿಕ್ಷೆ ಹೆಚ್ಚು.

ಇನ್ನು ಎಡವಿದ ಕ್ಷಣ. ಅನೇಕರು ಇಲ್ಲಿ ಕಿರುಚಾಟ ಮತ್ತು ಚಾಕುವನ್ನು ತರುತ್ತಾರೆ. ಅದಕ್ಕಿಂತ ಕಷ್ಟದ ದಾರಿಯನ್ನು ಹಿಡಿಯಿರಿ. ಕಾಲು ತಗುಲಿದ ಅಜ್ಜಿ ಕಣ್ಣು ಬಿಡದೆಯೇ, ‘ಬಂದ್ಯೇನೋ ಮಗಾ? ಒಂಚೂರು ನೀರು ಕೊಡು’ ಎನ್ನಲಿ. ಈಗ ಅವನು ಮಾತಾಡಿದರೆ ದನಿ ಅವನನ್ನು ಹಿಡಿದುಕೊಡುತ್ತದೆ, ಮಾತಾಡದಿದ್ದರೆ ಅವರು ಎದ್ದು ದೀಪ ಹಾಕುತ್ತಾರೆ, ನೀರಿನ ಬಿಂದಿಗೆ ಎಲ್ಲಿದೆಯೆಂಬುದು ಅವನಿಗೆ ತಿಳಿಯದು. ಇಲ್ಲಿ ಅವಸರ ಮಾಡದೆ, ಒಂದು ಪುಟವನ್ನಾದರೂ ಈ ಗಳಿಗೆಗೆ ಕೊಡಿ.

ಬರೆದು ಮುಗಿಸಿದ ಮೇಲೆ ಕರಡನ್ನು ಕತ್ತಲೆಯೊಂದನ್ನೇ ಗಮನದಲ್ಲಿಟ್ಟುಕೊಂಡು ಮತ್ತೊಮ್ಮೆ ಓದಿ. ದೀಪವಿಲ್ಲದ ಕೋಣೆಯಲ್ಲಿ ಸೀರೆಯ ಬಣ್ಣವೋ ಮುಖದ ಭಾವವೋ ಕಂಡಿರುವ ಕಡೆಯಲ್ಲೆಲ್ಲ ಆ ವಾಕ್ಯವನ್ನು ಹೊಡೆದುಹಾಕಿ, ಅಂಗಾಲಿಗೆ ತಗುಲಿದ ಚಾಪೆಯ ಅಂಚನ್ನು, ನೋವಿನೆಣ್ಣೆಯ ವಾಸನೆಯನ್ನು, ಬಿಂದಿಗೆಯ ಬಾಯಿಗೆ ಲೋಟ ತಾಗಿದ ಸದ್ದನ್ನು ಬರೆಯಿರಿ.