ಇಲ್ಲದ ದೇಶಕ್ಕೊಂದು ಶಾಲೆ ಕಟ್ಟುವುದು ಹೇಗೆ

ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ಹೊಸದೊಂದು ದೇಶ ಹುಟ್ಟಿಸುವ ಕೆಲಸ ಕೊಡುತ್ತೇನೆ. ನಕ್ಷೆ, ಬಾವುಟ, ನಾಣ್ಯ ಎಲ್ಲ ಭರ್ಜರಿಯಾಗಿ ಬರುತ್ತವೆ. ಶಿಕ್ಷಣದ ಪುಟಕ್ಕೆ ಬಂದೊಡನೆ ಎಲ್ಲರದೂ ಒಂದೇ ರಾಗ: ಓದು ಉಚಿತ, ಪರೀಕ್ಷೆ ಇಲ್ಲ, ರಾಜಧಾನಿಯಲ್ಲಿ ಗಾಜಿನ ವಿಶ್ವವಿದ್ಯಾಲಯ. ಕಥೆ ಬರೆಯುವ ದೊಡ್ಡವರೂ ಇದನ್ನು ದಾಟುವುದು ಅಪರೂಪ. ಆ ಪುಟವನ್ನು ಹರಿದು ಹಾಕಿ, ಮೊದಲು ಇದಕ್ಕೆ ಉತ್ತರ ಬರೆಯಿರಿ: ನಿಮ್ಮ ದೇಶದಲ್ಲಿ ಶಾಲೆಗೆ ಯಾರು ಬರುವುದಿಲ್ಲ, ಯಾವ ವಾರ?

ನಾನು ಪಾಠ ಮಾಡುವುದು ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ. ಯಾರ ಮನೆಯ ರೇಷ್ಮೆ ಹುಳು ಯಾವ ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿದೆ ಎಂದು ಇಲ್ಲಿ ಹಾಜರಿ ಪುಸ್ತಕ ನೋಡಿಯೇ ಹೇಳಬಹುದು. ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆ ಹುಳು, ತನ್ನ ಜೀವಮಾನದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಮುಂದಿನ ಒಂದು ವಾರದಲ್ಲಿ ತಿಂದು ಮುಗಿಸುತ್ತದೆ. ಕೊಯ್ಯಲು, ಹೊರಲು, ಹಾಸಲು ಮನೆಯ ಕೈಗಳೆಲ್ಲ ಬೇಕು. ಹಣ್ಣಾದ ಹುಳುವನ್ನು ಗೂಡು ಕಟ್ಟಲೆಂದು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡುವ ದಿನವಂತೂ ಹಿಂದಿನ ಬೆಂಚು ಖಾಲಿ. 6ರಿಂದ 14 ವರ್ಷದವರೆಗೆ ಶಿಕ್ಷಣ ಮಗುವಿನ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತದೆ. ಹುಳುವಿಗೆ ಕಾಯ್ದೆ ಓದಲು ಬರುವುದಿಲ್ಲ. ನೀವು ಬರೆಯಬೇಕಾದದ್ದು ಈ ಎರಡರ ನಡುವಿನ ಜಗ್ಗಾಟವನ್ನು.

ತರಗತಿಯಲ್ಲಿ ಮಾದರಿಗೆಂದು ನಾನು ಇಟ್ಟುಕೊಂಡಿರುವ ದೇಶ ಉಪ್ಪುನಾಡು. ಕಡಲಂಚಿನ ಉಪ್ಪಿನ ಆಗರಗಳೇ ಅದರ ಜೀವಾಳ. ಬಿಸಿಲಿನ ತಿಂಗಳುಗಳಲ್ಲಿ ಮನೆಮಂದಿಯೆಲ್ಲ ಆಗರದಲ್ಲಿರುವುದರಿಂದ ಅಲ್ಲಿ ಶಾಲೆ ಮೊದಲ ಮಳೆಗೆ ತೆರೆದು ಕೊನೆಯ ಮಳೆಗೆ ಮುಚ್ಚುತ್ತದೆ. ಇದು ಬರೀ ಕಲ್ಪನೆ ಎನ್ನಬೇಡಿ. ಗುಜರಾತಿನ ಕಛ್‌ನ ಸಣ್ಣ ರಣದಲ್ಲಿ ಉಪ್ಪು ತೆಗೆಯುವ ಅಗರಿಯಾ ಕುಟುಂಬಗಳು ಮಳೆಗಾಲ ಕಳೆದ ಮೇಲೆ ಮಕ್ಕಳನ್ನೂ ಕಟ್ಟಿಕೊಂಡು ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತವೆ. ಜಪಾನಿನಲ್ಲಿ ಶಾಲಾ ವರ್ಷ ಏಪ್ರಿಲ್‌ಗೆ ಶುರುವಾದರೆ ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆಯ ಹೊತ್ತಿಗೆ. ಅಭ್ಯಾಸಬಲದಿಂದ ಜೂನ್ ಎಂದು ಬರೆಯುವ ಮುನ್ನ, ಆ ತಿಂಗಳಲ್ಲಿ ನಿಮ್ಮ ದೇಶದವರ ಕೈಯಲ್ಲಿ ಏನು ಕೆಲಸವಿದೆ ಎಂದು ನೋಡಿ.

ಆಮೇಲೆ ಜರಡಿ. ಮಕ್ಕಳನ್ನು ಇತ್ತ ಒಂದು ಪಾಲು, ಅತ್ತ ಒಂದು ಪಾಲು ಮಾಡುವ ವಯಸ್ಸು ಯಾವುದು? ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಲೇ, ಹತ್ತು ವರ್ಷದ ಆಸುಪಾಸಿನಲ್ಲೇ, ಮಗು ಯಾವ ಬಗೆಯ ಶಾಲೆಗೆ ಎಂಬುದು ತೀರ್ಮಾನವಾಗುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಇದೆ. ದಕ್ಷಿಣ ಕೊರಿಯಾದಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಹೊತ್ತಿನಲ್ಲಿ ವಿಮಾನಗಳು ಏರುವಂತಿಲ್ಲ, ಇಳಿಯುವಂತಿಲ್ಲ. ಹತ್ತು ಪುಟದ ಪಠ್ಯಕ್ರಮ ಹೇಳದ್ದನ್ನು ಇಂಥ ಒಂದು ವಿವರ ಹೇಳಿಬಿಡುತ್ತದೆ. ಪಾಸಾದವರಿಗೆ ಏನು ಸಿಗುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿ, ಯಾವ ವಿಷಯ ಕಲಿಸಬೇಕು ಎಂಬುದು ತಾನಾಗಿಯೇ ಹಿಂದೆ ಬರುತ್ತದೆ. ಉಪ್ಪುನಾಡಿನಲ್ಲಿ ಪಾಸಾದವರು ತೂಕದ ಕಟ್ಟೆಯ ಗುಮಾಸ್ತರಾಗುತ್ತಾರೆ. ಹಾಗಾಗಿ ಬೀದಿಗೊಂದು ಲೆಕ್ಕದ ಮನೆಪಾಠ; ಹಾಡು ಕಲಿಸುವ ಮೇಷ್ಟರಿಗೆ ಮಾತ್ರ ಎರಡು ವರ್ಷದಿಂದ ಸಂಬಳವಿಲ್ಲ. ಫೇಲಾದವನ ಅಪ್ಪ ತಂದ ಉಪ್ಪನ್ನು ತೂಗುವವನು ಅವನ ಪಕ್ಕದಲ್ಲೇ ಕೂತು ಓದಿದವನು. ಇಲ್ಲಿಂದಾಚೆಗೆ ಜಗಳವನ್ನು ನೀವು ಹುಡುಕಿಕೊಂಡು ಹೋಗಬೇಕಾಗಿಲ್ಲ.

ದೇಶಕ್ಕೆಲ್ಲ ಒಂದೇ ಭಾಷೆ ಇಡಬೇಡಿ. ನಮ್ಮ ಬಾಗೇಪಲ್ಲಿ ಕಡೆಯ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಬರೆದು, ಕೆಲಸದ ಸಂದರ್ಶನಕ್ಕೆ ಇಂಗ್ಲಿಷ್ ಹುಡುಕುತ್ತಾರೆ. ಮನೆ, ತರಗತಿ, ಕೋರ್ಟು ಮೂರಕ್ಕೂ ಬೇರೆ ಬೇರೆ ಭಾಷೆ ಕೊಟ್ಟು ನೋಡಿ. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ ಸಂತೆಯಲ್ಲಿ ದಲ್ಲಾಳಿಯ ಬಾಯಿ ಮುಚ್ಚಿಸುತ್ತಾಳೆ.

ಸಮವಸ್ತ್ರದ ಬಣ್ಣ, ಪ್ರಾರ್ಥನೆ, ಕುಲಪತಿಗಳ ಬಿರುದಾವಳಿ ಕೊನೆಗಿರಲಿ, ಅರ್ಧ ಗಂಟೆ ಸಾಕು. ಮೇಷ್ಟರು ಯಾವ ಊರಿನಿಂದ ಬರುತ್ತಾರೆ ಎಂಬುದನ್ನು ಮಾತ್ರ ಮರೆಯಬೇಡಿ. ಸಂಜೆಯ ಬಸ್ಸು ಬೇಗ ಹೊರಡುವ ಊರಿನಲ್ಲಿ ಆಟದ ಪೀರಿಯಡ್ ಪೂರ್ತಿ ನಡೆದದ್ದನ್ನು ನಾನಂತೂ ಕಂಡಿಲ್ಲ.

ಇಷ್ಟಾದ ಮೇಲೆ ಆ ದೇಶದ ಒಂದು ಮಗುವಿನ ರಜಾ ಚೀಟಿ ಬರೆಯಿರಿ. ಕಾಯ್ದೆ, ನಿಯಮಾವಳಿ ಏನೂ ಬೇಡ. ಕಳೆದ ವರ್ಷ ನಮ್ಮ ಹುಡುಗಿಯೊಬ್ಬಳು ಬರೆದಳು: ‘ಮಾನ್ಯರೇ, ನಮ್ಮೂರಿನಲ್ಲಿ ಮಳೆ ನಿಂತಿದೆ. ರಾಜಧಾನಿಯಲ್ಲಿ ಇನ್ನೂ ನಿಂತಿಲ್ಲವಂತೆ, ಅದಕ್ಕೇ ಶಾಲೆ ಮುಚ್ಚಿಲ್ಲ. ಆಗರದ ಬದು ಕಟ್ಟಬೇಕಾಗಿರುವುದರಿಂದ ನಾಳೆಯಿಂದ ಬರುವುದಿಲ್ಲ.’ ಚೀಟಿಯ ಕೆಳಗೆ ಮುಖ್ಯೋಪಾಧ್ಯಾಯರ ಷರಾ ಬರೆಯುವುದನ್ನು ಬಿಡಬೇಡಿ. ಇವಳು ಕೆಂಪು ಶಾಯಿಯಲ್ಲಿ ಬರೆದದ್ದು: ‘ಅಪ್ಪನನ್ನು ಕರೆದುಕೊಂಡು ಬಾ. ನನಗೂ ಎರಡು ಮೂಟೆ ಉಪ್ಪು ಬೇಕು.’