ಆರ್‌ಎಕ್ಸ್-7 ಸ್ಟಾರ್ಟ್ ಆಗದಿದ್ದಾಗ ನಾನು ಮಾಡುವ ಕೆಲಸ

ಸೆಲ್ಫ್ ಹೊಡೆದರೆ ಇಂಜಿನ್ ಗಿರ್ರನೆ ತಿರುಗುತ್ತದೆ, ಎಂದಿಗಿಂತ ಹಗುರವಾಗಿ, ವೇಗವಾಗಿ. ಆದರೆ ಹತ್ತುವುದಿಲ್ಲ. ಹಳೇ ಮಾಜ್ಡಾ ಆರ್‌ಎಕ್ಸ್-7 ಕಾರು ಇಟ್ಟುಕೊಂಡವರಿಗೆ ಈ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಯಾಕೆಂದರೆ ಕಂಪ್ರೆಷನ್ (ಒಳಗಿನ ಗಾಳಿಯನ್ನು ಒತ್ತಿ ಹಿಡಿಯುವ ಶಕ್ತಿ) ಹೋದ ಇಂಜಿನ್ ಕೂಡ ಹೀಗೇ ತಿರುಗುವುದು. ಇಂಜಿನ್ ಬಿಚ್ಚಲೇಬೇಕು ಎಂದು ತೀರ್ಮಾನ ಮಾಡಬೇಡಿ. ನಾನು ನೋಡಿದ ಬಹುಪಾಲು ಗಾಡಿಗಳಲ್ಲಿ ಕಾರಣ ಒಂದೇ: ಪೆಟ್ರೋಲ್ ಓವರ್‌ಫ್ಲೋ.

ಇಲ್ಲಿ ಹೇಳುತ್ತಿರುವುದು ಅಮೆರಿಕದಲ್ಲಿ ಮಾರಾಟವಾದ 1986-88ರ ಎಫ್‌ಸಿ ಮಾದರಿಯ ಬಗ್ಗೆ. (ಎಫ್‌ಸಿ ಅಂದರೆ ಚಾಸಿ ಕೋಡ್, ನಮ್ಮ ಆರ್‌ಟಿಒ ಕೊಡುವ ಫಿಟ್‌ನೆಸ್ ಪತ್ರವಲ್ಲ.) ಟರ್ಬೊ ಇಲ್ಲದ 13ಬಿ ರೋಟರಿ ಇಂಜಿನ್: ಪಿಸ್ಟನ್ ಬದಲು ಹೌಸಿಂಗ್ ಎಂಬ ಕವಚದೊಳಗೆ ತಿರುಗುವ ಮೂರು ಮೂಲೆಯ ಎರಡು ರೋಟರ್, ಒಂದೊಂದಕ್ಕೆ 654 ಸಿಸಿ.

ಓವರ್‌ಫ್ಲೋ ಆದರೆ ಪಿಸ್ಟನ್ ಇಂಜಿನ್‌ನಲ್ಲಿ ಪ್ಲಗ್ ನೆನೆಯುತ್ತದೆ, ಒರೆಸಿದರೆ ಮುಗಿಯಿತು. ರೋಟರಿಯಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ. ರೋಟರ್‌ನ ಮೂರು ಮೂಲೆಗಳಲ್ಲಿ ಇರುವ ಏಪೆಕ್ಸ್ ಸೀಲ್‌ಗಳು ಹೌಸಿಂಗ್‌ನ ಗೋಡೆಗೆ ಒತ್ತಿ ಕೂತು ಗಾಳಿ ಹಿಡಿಯಬೇಕಾದರೆ ಆ ಗೋಡೆಯ ಮೇಲೆ ತೆಳ್ಳಗೆ ಎಣ್ಣೆಯ ಪದರ ಇರಬೇಕು. ಹೆಚ್ಚಾದ ಪೆಟ್ರೋಲ್ ಆ ಎಣ್ಣೆಯನ್ನು ತೊಳೆದುಬಿಡುತ್ತದೆ. ಎಣ್ಣೆ ಹೋದರೆ ಕಂಪ್ರೆಷನ್ ಇಲ್ಲ. ಕಂಪ್ರೆಷನ್ ಇಲ್ಲದೆ ಉರಿಯುವುದಿಲ್ಲ. ಸೆಲ್ಫ್ ಹೊಡೆದಷ್ಟೂ ಇಂಜೆಕ್ಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಹಾಗಾಗಿ ಹಟಕ್ಕೆ ಬಿದ್ದು ಸೆಲ್ಫ್ ಹೊಡೆಯುವುದೇ ಇಲ್ಲಿ ದೊಡ್ಡ ತಪ್ಪು.

ಮೊದಲು ಬ್ಯಾಟರಿ. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಚಾರ್ಜ್ ಮಾಡಿ, ಅರ್ಥ್ ವೈರ್‌ನ ಎರಡೂ ತುದಿ ಉಜ್ಜಿ. ರೋಟರಿಗೆ ನಿಧಾನದ ಸೆಲ್ಫ್ ಸಾಲದು. ಬರೀ ಟಕ್ ಎಂದು ಸುಮ್ಮನಾದರೆ ಕ್ಲಚ್ ಪೆಡಲ್ ಸ್ವಿಚ್ಚನ್ನೂ ನೋಡಿ. ಮ್ಯಾನ್ಯುವಲ್ ಗೇರಿನ ಗಾಡಿಯಲ್ಲಿ ಆ ಸ್ವಿಚ್ ಕೂಡದೆ ಸೆಲ್ಫ್‌ಗೆ ಕರೆಂಟೇ ಹೋಗುವುದಿಲ್ಲ.

ಸೆಲ್ಫ್ ಚೆನ್ನಾಗಿದ್ದರೆ ಪ್ಲಗ್ ಬಿಚ್ಚಿ. ರೋಟರ್‌ಗೆ ಎರಡರಂತೆ ನಾಲ್ಕು ಪ್ಲಗ್. ಕೆಳಗಿನವು ಲೀಡಿಂಗ್, ಮೇಲಿನವು ಟ್ರೇಲಿಂಗ್. ಸದ್ಯಕ್ಕೆ ಕೆಳಗಿನ ಎರಡು ಸಾಕು. ಇಂಜಿನ್ ಬಿಸಿಯಿದ್ದರೆ ಮುಟ್ಟಬೇಡಿ, ಹೌಸಿಂಗ್ ಅಲ್ಯೂಮಿನಿಯಂ, ತೂತಿನ ಮರೆ (ಥ್ರೆಡ್) ಕಿತ್ತುಬರುತ್ತದೆ. ಹೊರಬಂದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ. ಓವರ್‌ಫ್ಲೋ ಆಗಿದ್ದರೆ ಪ್ಲಗ್‌ನ ಪಿಂಗಾಣಿ ಕಪ್ಪಾಗಿ ತೊಪ್ಪೆಯಾಗಿರುತ್ತದೆ, ಮೂತಿಯಲ್ಲಿ ಹನಿ ನಿಂತಿರುತ್ತದೆ, ಪೆಟ್ರೋಲ್ ಘಮ್ಮೆನ್ನುತ್ತದೆ. ವಾಸನೆ ಸಿಹಿಯಾಗಿದ್ದು, ಹನಿಗೆ ಕೂಲಂಟ್‌ನ ಬಣ್ಣವಿದ್ದರೆ ಅದು ಬೇರೆಯೇ ರೋಗ: ಒಳಗಿನ ಕೂಲಂಟ್ ಸೀಲ್ ಹೋಗಿದೆ, ರಾತ್ರಿಯೆಲ್ಲ ನೀರು ರೋಟರ್‌ನ ಕೋಣೆಗೆ ಇಳಿದಿದೆ. ಅದಕ್ಕೆ ಮಾತ್ರ ಇಂಜಿನ್ ಬಿಚ್ಚದೆ ದಾರಿಯಿಲ್ಲ. ಪ್ಲಗ್ ಪೂರ್ತಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ ಎಂದರ್ಥ, ಅದನ್ನು ಮುಂದೆ ಹೇಳುತ್ತೇನೆ.

ಈಗ ಪೆಟ್ರೋಲ್ ಹೊರಹಾಕುವ ಕೆಲಸ. ಇದನ್ನು ಬಯಲಿನಲ್ಲಿ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಬಾನೆಟ್ ಕೆಳಗಿನ ಫ್ಯೂಸ್ ಡಬ್ಬಿಯಲ್ಲಿ ಇಜಿಐ ಎಂದು ಬರೆದ ಫ್ಯೂಸ್ ಕಿತ್ತರೆ ಇಂಜೆಕ್ಟರ್ ನಿಲ್ಲುತ್ತದೆ. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ಗಳ ಕನೆಕ್ಟರನ್ನೂ ಬಿಡಿಸಿಡಿ: ಪ್ಲಗ್ ತೂತಿನಿಂದ ಪೆಟ್ರೋಲ್ ಮಂಜಿನಂತೆ ಚಿಮ್ಮುವಾಗ ಪಕ್ಕದಲ್ಲಿ ಒಂದು ಕಿಡಿ ಹಾರಿದರೂ ಸಾಕು, ಅನಾಹುತ. ತೂತಿನ ಎದುರು ಹಳೇ ಬಟ್ಟೆ ಇಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒಂದು ನಿಮಿಷ ಬಿಡಿ. ಮತ್ತೆ ಹತ್ತು ಸೆಕೆಂಡ್. ಬಟ್ಟೆ ನೆನೆಯುವುದು ನಿಂತ ಮೇಲೂ ಒಂದು ಸುತ್ತು ಹೆಚ್ಚಾಗಿಯೇ ಮಾಡುತ್ತೇನೆ.

ಆಮೇಲೆ ಎಣ್ಣೆ. ಇಲ್ಲೇ ಅನೇಕರು ಅವಸರ ಮಾಡುವುದು. ರೋಟರ್‌ನ ಮೂರು ಮುಖಗಳಿಗೂ ಹೌಸಿಂಗ್‌ಗೂ ನಡುವೆ ಒಂದೊಂದು ಕೋಣೆ ಇರುತ್ತದೆ. ಒಂದೇ ಸಲಕ್ಕೆ ಸುರಿದರೆ ಆ ಹೊತ್ತಿಗೆ ತೂತಿನ ಎದುರಿರುವ ಒಂದು ಕೋಣೆಗೆ ಮಾತ್ರ ಸಿಗುತ್ತದೆ. ಎಕ್ಸೆಂಟ್ರಿಕ್ ಶಾಫ್ಟ್ (ರೋಟರ್‌ಗಳು ತಿರುಗಿಸುವ ಮುಖ್ಯ ದಂಡ) ಮೂರು ಸುತ್ತು ಬಂದರೆ ರೋಟರ್ ಒಂದು ಸುತ್ತು ಬರುತ್ತದೆ, ಅಂದರೆ ಶಾಫ್ಟ್ ಒಂದು ಸುತ್ತು ತಿರುಗಿಸಿದರೆ ರೋಟರ್‌ನ ಮುಂದಿನ ಮುಖ ಅದೇ ಜಾಗಕ್ಕೆ ಬರುತ್ತದೆ. ಅದಕ್ಕೇ ಸಣ್ಣ ಪೈಪ್ ಸಿಕ್ಕಿಸಿದ ಸಿರಿಂಜ್‌ನಿಂದ ಕೆಳಗಿನ ತೂತಿಗೆ 2-3 ಮಿಲಿ ಇಂಜಿನ್ ಆಯಿಲ್ ಬಿಟ್ಟು, ಮುಂದಿನ ಪುಲ್ಲಿ ಬೋಲ್ಟಿಗೆ 19ರ ಸಾಕೆಟ್ ಹಾಕಿ ಪ್ರದಕ್ಷಿಣೆಯಾಗಿ ಒಂದು ಸುತ್ತು ತಿರುಗಿಸುತ್ತೇನೆ. ಮತ್ತೆ 2-3 ಮಿಲಿ, ಮತ್ತೊಂದು ಸುತ್ತು. ಹೀಗೆ ಮೂರು ಸಲ, ಎರಡೂ ರೋಟರ್‌ಗೆ. ಇದಕ್ಕಿಂತ ಹೆಚ್ಚು ಹಾಕಿದರೆ ಪ್ಲಗ್‌ಗಳು ಎಣ್ಣೆಯಲ್ಲಿ ಮುಳುಗಿ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಪ್ಲಗ್ ಹಾಕುವ ಮೊದಲು, ತೂತುಗಳು ತೆರೆದಿರುವಾಗಲೇ ಸೆಲ್ಫ್ ಹೊಡೆಸಿ ಕೇಳಿ. ಒಂದು ರೋಟರ್‌ನ ತೂತು ಮಾತ್ರ ತೆರೆದಿಟ್ಟುಕೊಂಡರೆ ಸ್ಪಷ್ಟ. ಫಪ್, ಫಪ್, ಫಪ್, ಮೂರೂ ಒಂದೇ ಬಲದಲ್ಲಿ ಬರಬೇಕು. ಒಂದು ಜೋರು, ಎರಡು ಸೊರಗಿದ್ದರೆ ಏಪೆಕ್ಸ್ ಸೀಲ್ ಮುರಿದಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಒಂದು ಸೀಲ್ ಅಕ್ಕಪಕ್ಕದ ಎರಡು ಕೋಣೆಗಳ ನಡುವಿನ ಗೋಡೆ. ಒಂದು ಮಾತ್ರ ಸೊರಗಿದ್ದರೆ ರೋಟರ್‌ನ ಪಕ್ಕದಲ್ಲಿರುವ ಸೈಡ್ ಸೀಲ್ ಮೇಲೆ ಅನುಮಾನ. ಗೇಜ್ ಹಾಕುವುದಾದರೆ ಅದರ ವಾಲ್ವ್ ತೆಗೆದು ಮುಳ್ಳು ಕುಣಿಯುವುದನ್ನು ನೋಡಿ. ಹಾಗೇ ಬಿಟ್ಟರೆ ಮೂರರಲ್ಲಿ ಅತಿ ಹೆಚ್ಚಿನದನ್ನಷ್ಟೇ ತೋರಿಸಿ, ಸತ್ತ ಕೋಣೆಯನ್ನು ಮುಚ್ಚಿಡುತ್ತದೆ. 250 ಆರ್‌ಪಿಎಂನಲ್ಲಿ ಕನಿಷ್ಠ 85 ಪಿಎಸ್‌ಐ ಬೇಕು, ಕೋಣೆಗಳ ನಡುವೆ 21ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಹೊಸ ಪ್ಲಗ್ ಹಾಕುವುದೇ ಒಳ್ಳೆಯದು: ಲೀಡಿಂಗ್‌ಗೆ ಎನ್‌ಜಿಕೆ ಬಿಯುಆರ್7ಇಕ್ಯೂ, ಟ್ರೇಲಿಂಗ್‌ಗೆ ಬಿಯುಆರ್9ಇಕ್ಯೂ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ವೈರ್ ಹಾಕುವಾಗ ಎಚ್ಚರ. ಲೀಡಿಂಗ್ ಕಾಯಿಲ್ ಎರಡೂ ಪ್ಲಗ್‌ಗೆ ಒಟ್ಟಿಗೆ ಕಿಡಿ ಕೊಡುತ್ತದೆ, ಅವೆರಡು ಅದಲುಬದಲಾದರೆ ತೊಂದರೆಯಿಲ್ಲ. ಟ್ರೇಲಿಂಗ್ ವೈರ್‌ಗಳು ಅದಲುಬದಲಾದರೆ ತಪ್ಪಾದ ರೋಟರ್‌ಗೆ ತಪ್ಪಾದ ಹೊತ್ತಿನಲ್ಲಿ ಕಿಡಿ ಹೋಗುತ್ತದೆ. ಬಿಚ್ಚುವ ಮೊದಲೇ ಟೇಪ್ ಅಂಟಿಸಿ ಟಿ1, ಟಿ2 ಎಂದು ಬರೆದಿಡಿ.

ಕನೆಕ್ಟರ್, ಫ್ಯೂಸ್ ಎರಡನ್ನೂ ಹಾಕಿ ಸೆಲ್ಫ್ ಹೊಡೆಯಿರಿ. ಸಾಮಾನ್ಯವಾಗಿ ಮೊದಲು ಒಂದು ರೋಟರ್ ಮಾತ್ರ ಹಿಡಿದು ಕುಂಟುತ್ತದೆ, ಆಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಬೀದಿಯೆಲ್ಲ ಹೊಗೆ ತುಂಬುತ್ತದೆ. ಅದು ನೀವೇ ಹಾಕಿದ ಎಣ್ಣೆ, ಗಾಬರಿಯಾಗಿ ಆಫ್ ಮಾಡಬೇಡಿ. ಟೆಂಪರೇಚರ್ ಮುಳ್ಳು ಮಾಮೂಲಿ ಜಾಗಕ್ಕೆ ಬರುವವರೆಗೆ ಓಡಲಿ.

ಕಿಡಿಯೇ ಇಲ್ಲದಿದ್ದರೆ, ವೈರಿನಲ್ಲಿ ಕಿಡಿ ಹೋದಾಗ ಮಿಂಚುವ ಟೈಮಿಂಗ್ ಲೈಟನ್ನು ನಾಲ್ಕೂ ವೈರಿಗೆ ಒಂದೊಂದಾಗಿ ಸಿಕ್ಕಿಸಿ ನೋಡುವುದು ಸುಲಭ. ಯಾವುದರಲ್ಲೂ ಮಿಂಚದಿದ್ದರೆ ಶಾಫ್ಟ್ ಎಲ್ಲಿದೆ ಎಂದು ತಿಳಿಸುವ ಕ್ರ್ಯಾಂಕ್ ಆಂಗಲ್ ಸೆನ್ಸರ್ ಅಥವಾ ಅದರ ಕನೆಕ್ಟರ್. ಪ್ಲಗ್ ಒಣಗಿದ್ದ ಗಾಡಿಗೆ ಕೀ ಆನ್ ಮಾಡಿ, ಇಂಜಿನ್‌ಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಮೀಟರ್‌ನ ಒಳಗಿನ ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ಗಾಡಿಯ ಹಿಂದೆ ಪೆಟ್ರೋಲ್ ಪಂಪ್ ಗುಂಯ್‌ಗುಟ್ಟಬೇಕು. ಇಲ್ಲದಿದ್ದರೆ ಪಂಪ್, ರಿಲೇ, ವೈರಿಂಗ್, ಈ ಕ್ರಮದಲ್ಲಿ ಹುಡುಕಿ.

ಮತ್ತೆ ಮತ್ತೆ ಓವರ್‌ಫ್ಲೋ ಆಗುತ್ತಿದ್ದರೆ ಎರಡು ಕಡೆ ನೋಡುತ್ತೇನೆ. ಒಂದು, ನಿಲ್ಲಿಸಿದ ಮೇಲೂ ತೊಟ್ಟಿಕ್ಕುವ ಇಂಜೆಕ್ಟರ್. ಇದಕ್ಕೆ ಕ್ಲೀನಿಂಗ್ ಮತ್ತು ಸೋರಿಕೆ ಪರೀಕ್ಷೆ ಮಾಡಿಸಬೇಕು. ಇನ್ನೊಂದು, ವಾಟರ್ ಪಂಪ್ ಹಿಂಬದಿಯ ಟೆಂಪರೇಚರ್ ಸೆನ್ಸರ್. 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋಓಮ್, 80ರಲ್ಲಿ ಸುಮಾರು 0.3 ಇರಬೇಕು. ವೈರ್ ತುಂಡಾಗಿದ್ದರೆ ಇಂಜಿನ್ ಹಿಮದಷ್ಟು ತಣ್ಣಗಿದೆ ಎಂದು ಗಾಡಿಯ ಕಂಪ್ಯೂಟರ್ ತಿಳಿದು ಪೆಟ್ರೋಲ್ ಸುರಿಯುತ್ತದೆ. ಎರಡೂ ಸರಿಯಿದ್ದರೆ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತೆಗೆದು ಅರ್ಧ ನಿಮಿಷದಲ್ಲಿ ಆಫ್ ಮಾಡುವ ಅಭ್ಯಾಸವೇ ಕಾರಣ. ಶುರು ಮಾಡಿದ ಮೇಲೆ ಬಿಸಿಯಾಗಲು ಬಿಡಿ.

ಗಾಡಿ ಸ್ಟಾರ್ಟ್ ಆದ ದಿನವೇ ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಮಟ್ಟ ಮೇಲಿನ ಗೆರೆ ದಾಟಿದ್ದರೆ, ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿಯೇ ರಸ್ತೆಗೆ ಇಳಿಸಿ. ತೆಳುವಾದ ಆ ಎಣ್ಣೆಯಲ್ಲಿ ಓಡಿಸಿದರೆ ಬೇರಿಂಗ್ ತಾಳುವುದಿಲ್ಲ.