ಡಬ್ಬಿಗೆ ತಗಡಿನ ಖರ್ಚೆಷ್ಟು? ಮೊದಲು ಎತ್ತರವನ್ನು ಓಡಿಸಿ

ಸಿಲಿಂಡರ್ ಆಕಾರದ ಡಬ್ಬಿಯ ಖರ್ಚು ಲೆಕ್ಕ ಹಾಕಲು ಕೂತವರು ಮುಗ್ಗರಿಸುವ ಜಾಗ ಹೆಚ್ಚುಕಮ್ಮಿ ಒಂದೇ. ಸೂತ್ರಗಳೆಲ್ಲ ಬಾಯಿಪಾಠ, ಆದರೆ ತ್ರಿಜ್ಯವೂ ಗೊತ್ತಿಲ್ಲ, ಎತ್ತರವೂ ಗೊತ್ತಿಲ್ಲ ಎಂದು ಪೆನ್ನು ಕಚ್ಚುತ್ತಾ ಕೂರುತ್ತಾರೆ.

1. ಡಬ್ಬಿಯಲ್ಲಿ ಎಷ್ಟು ಹಿಡಿಯಬೇಕು ಎಂದು ಗೊತ್ತುಮಾಡಿಕೊಳ್ಳಿ. ನಮ್ಮದು 1 ಲೀಟರ್, ಅಂದರೆ 1000 ಘನ ಸೆಂಟಿಮೀಟರ್.

2. ಡಬ್ಬಿಯನ್ನು ಮನಸ್ಸಿನಲ್ಲೇ ಬಿಚ್ಚಿ. ತಳ, ಮುಚ್ಚಳ ಎರಡು ವೃತ್ತ. ಗೋಡೆ ಒಂದು ಆಯತ. ನಂಬಿಕೆ ಬಾರದಿದ್ದರೆ ಡಬ್ಬಿಯ ಸುತ್ತ ಅಂಟಿಸಿದ ಲೇಬಲ್ ಕಿತ್ತು ಮೇಜಿನ ಮೇಲೆ ಹರವಿ ನೋಡಿ.

3. ಬೆಲೆ ಸೇರಿಸಿ. ಗೋಡೆಯ ತಗಡು ಚದರ ಸೆಂಟಿಮೀಟರಿಗೆ 1 ಪಾಲು, ತಳ-ಮುಚ್ಚಳದ ದಪ್ಪ ತಗಡು 2 ಪಾಲು ಎಂದಿರಲಿ. ತ್ರಿಜ್ಯಕ್ಕೆ ‘ತ್ರಿ’, ಎತ್ತರಕ್ಕೆ ‘ಎ’:

ಖರ್ಚು = 2 × (2 × ಪೈ × ತ್ರಿ²) + 2 × ಪೈ × ತ್ರಿ × ಎ

ಮೊದಲ 2 ಬೆಲೆ, ಆವರಣದೊಳಗಿನ 2 ವೃತ್ತಗಳ ಸಂಖ್ಯೆ. ಇವೆರಡೂ ಒಂದೇ ಎಂದುಕೊಂಡು ಒಂದನ್ನು ನುಂಗಿಬಿಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಆವರಣವನ್ನು ಈಗಲೇ ಬಿಡಿಸಬೇಡಿ.

4. ಈಗ ಅಸಲಿ ಕೆಲಸ. ಎತ್ತರ ಸ್ವತಂತ್ರವಲ್ಲ, 1 ಲೀಟರ್ ಎಂದು ಹೇಳಿದ ಕ್ಷಣವೇ ಅದು ತ್ರಿಜ್ಯದ ಹಿಡಿತಕ್ಕೆ ಸಿಕ್ಕಿತು. ಪೈ × ತ್ರಿ² × ಎ = 1000 ಆದ್ದರಿಂದ ಎ = 1000 ÷ (ಪೈ × ತ್ರಿ²). ಇದನ್ನು ಗೋಡೆಯ ಭಾಗದಲ್ಲಿ ಕೂರಿಸಿ. ಮೇಲೆ 2 × ಪೈ × ತ್ರಿ × 1000, ಕೆಳಗೆ ಪೈ × ತ್ರಿ². ಪೈಗೆ ಪೈ ಹೊಡೆಯಿರಿ. ಮೇಲಿನ ಒಂದು ತ್ರಿ, ಕೆಳಗಿನ ಎರಡರಲ್ಲಿ ಒಂದನ್ನು ಮಾತ್ರ ಹೊಡೆಯುತ್ತದೆ. ಇನ್ನೊಂದು ಕೆಳಗೇ ಉಳಿಯಬೇಕು. ಉತ್ಸಾಹದಲ್ಲಿ ತ್ರಿ² ಪೂರ್ತಿ ಅಳಿಸಿದರೆ ಗೋಡೆಗೆ ಯಾವಾಗಲೂ 2000 ಎಂದು ಬರುತ್ತದೆ, ಡಬ್ಬಿ ಕೊಳವೆಯಂತಿರಲಿ, ತಟ್ಟೆಯಂತಿರಲಿ! ಪೈಯನ್ನು ಮೊದಲೇ 3.14 ಮಾಡಿಕೊಂಡವರಿಗೆ ಈ ಹೊಡೆದಾಟವೇ ಕಾಣಿಸುವುದಿಲ್ಲ. ಉಳಿಯುವುದು:

ಖರ್ಚು = 4 × ಪೈ × ತ್ರಿ² + 2000 ÷ ತ್ರಿ

5. ತ್ರಿಜ್ಯಕ್ಕೆ ಒಂದೊಂದೇ ಅಂಕಿ ಹಾಕಿ ನೋಡಿ. ತ್ರಿಜ್ಯ 3 ಆದರೆ ಸುಮಾರು 780 ಪಾಲು, 4ಕ್ಕೆ 701, 5ಕ್ಕೆ 714. ಕನಿಷ್ಠ ಖರ್ಚು 4.3ರ ಹತ್ತಿರ, ಸುಮಾರು 697.5, ಆಗ ಎತ್ತರ 17.2 ಸೆಂ.ಮೀ., ವ್ಯಾಸದ ಎರಡರಷ್ಟು. ಎರಡೂ ತಗಡಿಗೆ ಒಂದೇ ಬೆಲೆಯಿದ್ದರೆ ಎತ್ತರ ಮತ್ತು ವ್ಯಾಸ ಸಮ. 4ಕ್ಕೂ 4.3ಕ್ಕೂ ವ್ಯತ್ಯಾಸ ಶೇ 0.5ರಷ್ಟೇ, ಹಾಗಾಗಿ ನಾನಂತೂ ದಶಾಂಶದ ಬೆನ್ನು ಹತ್ತುವುದಿಲ್ಲ. ಸಿದ್ಧ ಕ್ಯಾಲ್ಕುಲೇಟರ್ ಆ್ಯಪ್‌ಗಳೂ ನನಗಾಗದು. ಕೇಳುತ್ತಿರುವುದು ತ್ರಿಜ್ಯವೋ ವ್ಯಾಸವೋ ಎಂದು ಎಷ್ಟೋ ಆ್ಯಪ್‌ಗಳು ಸರಿಯಾಗಿ ಹೇಳುವುದೇ ಇಲ್ಲ.

6. ಕತ್ತರಿಸುವಾಗ ಪೋಲಾಗುವ ತಗಡಿಗೂ ದುಡ್ಡು ಕೊಟ್ಟಿರುತ್ತೀರಿ. ಚೌಕದಿಂದ ವೃತ್ತ ಕತ್ತರಿಸಿದರೆ ಶೇ 21.5ರಷ್ಟು ಚೂರುಪಾರು. ಅದು ಮರುಬಳಕೆಗೆ ಬಾರದಿದ್ದರೆ ವೃತ್ತಗಳ ಭಾಗದಲ್ಲಿ ಪೈ ಬದಲು 4 ಬರೆಯಿರಿ: 16 × ತ್ರಿ² + 2000 ÷ ತ್ರಿ. ತ್ರಿಜ್ಯ 3.97ಕ್ಕೆ ಇಳಿಯುತ್ತದೆ, ಎತ್ತರ 20.2 ಸೆಂ.ಮೀ.ಗೆ ಏರುತ್ತದೆ. ಗೋಡೆಯ ಜೋಡಣೆಗೆ ಒಂದರ ಮೇಲೊಂದು ಕೂರುವ ಅಂಚಿನ ಅಗಲವನ್ನು ಪರಿಧಿಗೆ ಕೂಡಿಸುವುದನ್ನೂ ಮರೆಯಬೇಡಿ.